ಬಾಣಂತಿ ಮನೆಯಲ್ಲಿ ವಾರಬಂದಿ

ಹೆಂಡತಿ ಹೆತ್ತ ಸುದ್ದಿ ಬಂದಾಗ ಅವಳ ತವರಿಗೆ ಹೋಗಿ, ಕೂಸಿನ ಮುಖ ನೋಡಿ, ಅತ್ತೆ ಬಡಿಸಿದ ಹೋಳಿಗೆ ಉಂಡು, ಮರುದಿನ ಮೊದಲ ಬಸ್ಸಿಗೆ ವಾಪಸಾಗುವವನೇ ಅಳಿಯ. ತಿಂಥಣಿಯಲ್ಲಿ ಈ ನಿಯಮವನ್ನು ಯಾರೂ ಬರೆದಿಟ್ಟಿಲ್ಲ. ಹೊಳೆ ಯಾವ ಕಡೆಗೆ ಹರಿಯಬೇಕೆಂದೂ ಅಲ್ಲಿ ಯಾರೂ ಬರೆದಿಟ್ಟಿಲ್ಲ. ಇಂಥ ಊರಿಗೆ ಶಹಾಪುರದ ಕಡೆಯಿಂದ ಯಂಕಣ್ಣ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಕೊರಳಲ್ಲಿ ಒಂದು ಸೀಟಿ ಸಮೇತ ಬಂದಿಳಿದ.

ಪಕ್ಕದ ಮನೆಯ ಚಾಂದಬೀ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ನೋಡಿದಳು.

"ಏ ತಿಮ್ಮವ್ವ, ನಿನ್ನ ಅಳಿಯ ಬಂದಾನೋ, ಬಿಡಾರ ಬಂದದೋ?"

ಅತ್ತೆ ತಿಮ್ಮವ್ವ ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಟ್ರಂಕನ್ನು ನೋಡಿದಳು, ಹಾಸಿಗೆಯನ್ನು ನೋಡಿದಳು. "ಬರ್ರಿ ಅಳೇಂದ್ರ," ಎಂದಳು. ದನಿಯಲ್ಲಿ ಮರ್ಯಾದೆಯಿತ್ತು, ಉತ್ಸಾಹವಿರಲಿಲ್ಲ. ಮಾವ ಲಿಂಗಣ್ಣ ಮೀನು ಹಿಡಿಯುವ ಮನುಷ್ಯ, ಮಾತು ಕಮ್ಮಿ. ಅವನು ತನ್ನ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು, ದೋಣಿಯ ಹತ್ತಿರ ಮಲಗಲು ಸುಮ್ಮನೆ ಹೊಳೆದಂಡೆಗೆ ಹೊರಟುಹೋದ.

"ಬ್ಯಾಸಿಗಿ ಭತ್ತ ಕೊಯ್ದು ಕಾಲುವಿ ಬಂದ್ ಆಗ್ಯಾದರಿ ಅತ್ತಿ," ಎಂದ ಯಂಕಣ್ಣ. "ಗೇಟಿನ ಹತ್ರ ನೋಡಾಕ ಏನದ? ಕಪ್ಪಿ. ಮಳಿಗಾಲದ ತನಕ ಇಲ್ಲೇ ಇದ್ದು ಕೈ ಹಚ್ಚತೀನಿ."

ಈ ಕೈ ಎಂಥದ್ದೆಂದು ಓದುಗರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಂಕಣ್ಣ ಒಂದು ಕವಲು ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದವನು. ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂದು ಪಾಳಿ ಹಚ್ಚುವ ವ್ಯವಸ್ಥೆಗೆ ಅಲ್ಲಿ ವಾರಬಂದಿ ಎನ್ನುತ್ತಾರೆ. ಆ ವಾರಬಂದಿಯೇ ಅವನ ವೇದ. ಹಂಚುವುದು ಒಂದು ವಿದ್ಯೆ, ಆ ವಿದ್ಯೆ ತನಗೆ ಒಲಿದಿದೆ ಎಂದು ಅವನ ನಂಬಿಕೆ. ಅವನ ಕಾಲುವೆಯ ಕೊನೆಯಲ್ಲಿ ಹೊಲವಿದ್ದ ಟೇಲೆಂಡಿನ ರೈತರ ನಂಬಿಕೆ ಬೇರೆ ಇತ್ತು. ಮೇಲಿನ ಹೊಲದವರು ಕತ್ತಲಾದರೆ ಸಾಕು, ಕಾಲುವೆಯ ದಂಡೆ ಒಡೆದು ನೀರು ಕದಿಯುತ್ತಿದ್ದರು. ಯಂಕಣ್ಣ ಅವರನ್ನು ಹಿಡಿಯಲು ಜೋರಾಗಿ ಸೀಟಿ ಊದುತ್ತ ಓಡುತ್ತಿದ್ದ. ಸೀಟಿ ಕೇಳಿ ಕಳ್ಳರು ಆರಾಮವಾಗಿ ದಂಡೆ ಮುಚ್ಚಿ, ಸಲಿಕೆ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು. ಇಷ್ಟು ವರ್ಷ ಒಬ್ಬನೂ ಸಿಕ್ಕಿಬಿದ್ದಿರಲಿಲ್ಲ. ಆದ್ದರಿಂದ ತನ್ನ ಕಾಲುವೆಯಲ್ಲಿ ಕಳ್ಳತನವೇ ಇಲ್ಲವೆಂದು ಯಂಕಣ್ಣ ಮೇಲಿನವರಿಗೆ ವರದಿ ಕೊಡುತ್ತಿದ್ದ.

ಒಳಗೆ ಬಾಲಮ್ಮ ಅವಳಿ ಹೆಣ್ಣುಮಕ್ಕಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ಹೆಸರಿಡುವುದು ಇನ್ನೂ ಆಗಿರಲಿಲ್ಲ. ಮೊದಲು ಹುಟ್ಟಿದವಳು ದೊಡ್ಡಕಿ, ಆಮೇಲಿನವಳು ಸಣ್ಣಕಿ. ದೊಡ್ಡಕಿ ಬಾಯಿ ತೆರೆದರೆ ಹೊಳೆಯಾಚೆಗೆ ಕೇಳುತ್ತಿತ್ತು. ಸಣ್ಣಕಿ ಅಳಲೂ ಸೋಮಾರಿ. ಎದೆಗೆ ಹಚ್ಚಿದರೆ ನಾಲ್ಕು ಗುಟುಕು ಎಳೆದು ನಿದ್ದೆ ಹೋಗುತ್ತಿದ್ದಳು. ಅಂಗಾಲು ತಿಕ್ಕಿದರೆ ಕಣ್ಣು ತೆರೆದು, "ಯಾಕ ಎಬ್ಬಿಸಿದ್ರಿ?" ಎಂಬಂತೆ ನೋಡಿ ಮತ್ತೆ ಮಲಗುತ್ತಿದ್ದಳು. ಅಷ್ಟರಲ್ಲಿ ದೊಡ್ಡಕಿಯ ಗದ್ದಲ ಶುರುವಾಗುತ್ತಿತ್ತು. ಒಬ್ಬಳನ್ನು ಎತ್ತಿಕೊಂಡರೆ ಇನ್ನೊಬ್ಬಳು, ಇವಳನ್ನು ಇಳಿಸಿದರೆ ಅವಳು. ಬಾಲಮ್ಮನಿಗೆ ಕೂತು ಉಣ್ಣಲು ಪುರಸತ್ತಿಲ್ಲ, ಮೊಲೆತೊಟ್ಟು ಬಿರಿದು ಉರಿಯುತ್ತಿತ್ತು.

ಊರಿನ ನರ್ಸ್ ಅನ್ನಮ್ಮ ಸಿಸ್ಟರ್ ಅವತ್ತೇ ಬಂದು ಸಣ್ಣಕಿಯನ್ನು ತೂಗಿ ಮುಖ ಗಂಟುಹಾಕಿದ್ದಳು.

"ಅಮಾಸಿ ದಿನ ಮತ್ತ ಬಂದು ತೂಗತೀನಿ. ತೂಕ ಏರಿರಬೇಕು. ಏರಲಿಲ್ಲಂದ್ರ ಯಾದಗಿರಿ ದವಾಖಾನಿಗಿ ಒಯ್ಯೋದೇ. ಕೂಸು ಗಾಜಿನ ಪೆಟ್ಟಿಗ್ಯಾಗ, ತಾಯಿ ಹೊರಗ. ಅತ್ತಾಗೆಲ್ಲ ಕುಡಸ್ರಿ, ಅಳದಿದ್ರ ಎಬ್ಬಿಸಿ ಕುಡಸ್ರಿ. ಬಾಣಂತಿಗಿ ಕಾಸಿ ಆರಿಸಿದ ನೀರು ಬೇಕಾದಷ್ಟು ಕೊಡ್ರಿ."

"ನೀರು ಕೊಟ್ರ ಥಂಡಿ ಆಗಂಗಿಲ್ಲೇನ್ರಿ?" ಎಂದಳು ತಿಮ್ಮವ್ವ. ಆ ಓಣಿಯಲ್ಲಿ ಬಾಣಂತಿಗೆ ನೀರನ್ನು ಚಮಚದಲ್ಲಿ ಅಳೆದು ಕೊಡುವುದೇ ರೂಢಿ.

"ಕುಡೀಲಾರದ ಎಮ್ಮಿ ಹಾಲು ಕೊಡ್ತದೇನು?" ಎಂದು ಸಿಸ್ಟರ್ ಚೀಲ ಹೆಗಲಿಗೇರಿಸಿ ಹೋದಳು.

ಬಾಲಮ್ಮ ಗೋಡೆಯ ಕಡೆ ಮುಖ ಮಾಡಿದಳು. "ಇಬ್ಬರಿಗಿ ಸಾಲುವಷ್ಟು ನನ್ನ ಹತ್ರ ಇಲ್ಲೇ ಯವ್ವಾ," ಎಂದು ಅತ್ತಳು. ಬಾಗಿಲಲ್ಲಿ ನಿಂತಿದ್ದ ಯಂಕಣ್ಣ ಅದನ್ನು ಕೇಳಿಸಿಕೊಂಡ. ಏನಾದರೂ ಮಾಡಬೇಕೆನಿಸಿತು. ಅವನಿಗೆ ಮಾಡಲು ಬರುತ್ತಿದ್ದದ್ದು ಒಂದೇ.

ಅರ್ಧ ತಾಸಿನಲ್ಲಿ ಅವನು ಪಡಸಾಲೆಯಲ್ಲಿ ಸಭೆ ಕರೆದ. ಸಭಿಕರು ತಿಮ್ಮವ್ವ ಮತ್ತು, ಕರೆಯದೆಯೂ ಬಂದ ಚಾಂದಬೀ. ಯಂಕಣ್ಣ ಸಭ್ಯ. ಹೆಂಡತಿಯ ಕಡೆ ಬೊಟ್ಟು ಮಾಡದೆ ಮೂಲೆಯಲ್ಲಿದ್ದ ಕೊಡದ ಕಡೆ ಬೊಟ್ಟು ಮಾಡಿ ಶುರುಮಾಡಿದ.

"ಇದು ಡ್ಯಾಮ್ ಅಂತ ತಿಳೀರಿ. ಸಿಸ್ಟರ್ ಹೇಳಿದಂಗ ಅತ್ತಾಗೆಲ್ಲ ಬಿಟ್ರ ಡ್ಯಾಮ್ ತುಂಬೋದು ಯಾವಾಗ? ನಮ್ಮ ರೈತರೂ ಅಳತಾರ. ಅತ್ತಾಗೆಲ್ಲ ಗೇಟು ಎತ್ತಿದ್ರ ಯುಗಾದಿಗೇ ಡ್ಯಾಮ್ ಬತ್ತಿ ಹೋಗ್ತಿತ್ತು. ಅದಕ್ಕ ಪಾಳಿ. ಮೊದಲು ದೊಡ್ಡಕಿ. ಆಮ್ಯಾಲ ಗೇಟು ಬಂದ್. ಡ್ಯಾಮ್ ತುಂಬಬೇಕು. ತುಂಬಿದ ಮ್ಯಾಲ ಸಣ್ಣಕಿ. ಪಾಳಿ ಬಂದಾಗ ನಾ ಸೀಟಿ ಊದತೀನಿ."

"ಅರೆ ಅಲ್ಲಾ!" ಎಂದಳು ಚಾಂದಬೀ. "ಕೂಸು ಎರಡು, ದೇವರು ಕೊಟ್ಟದ್ದೂ ಎರಡು. ಇಬ್ಬರಿಗೂ ಒಮ್ಮಿಗೇ ಹಚ್ಚಿದ್ರ ಆತಲ್ಲೋ ಅಳಿಯ?"

ಯಂಕಣ್ಣ ಅಜ್ಞಾನಿಗಳನ್ನು ಕ್ಷಮಿಸುವವನಂತೆ ನಕ್ಕ. "ಎರಡೂ ಗೇಟು ಒಮ್ಮಿಗೇ ಎತ್ತಿದ್ರ ಒಡ್ಡು ಒಡೀತದರಿ ದೊಡ್ಡವ್ವ."

ಮರುದಿನ ನಸುಕಿಗೆ ತಿಂಥಣಿಯಲ್ಲಿ ಮೊದಲ ಸೀಟಿ ಮೊಳಗಿತು. ದೊಡ್ಡಕಿ ಬೆಚ್ಚಿಬಿದ್ದು ಕುಡಿಯುವುದನ್ನು ಬಿಟ್ಟು ಕಿರುಚಿದಳು. ಸಣ್ಣಕಿ ಎಂದೂ ಅಳದವಳು ಅವತ್ತು ಅತ್ತಳು. "ನಿನ್ನ ಪಾಳಿ ಇನ್ನಾ ಬಂದಿಲ್ಲವ್ವ, ತಡಿ," ಎಂದು ಯಂಕಣ್ಣ ಅವಳನ್ನು ತೋಳಲ್ಲಿ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡಿದ. ಅವಳ ದನಿಗೆ ಅವನ ಕಣ್ಣು ತುಂಬುತ್ತಿತ್ತು. ಆದರೂ ಗೇಟು ಎತ್ತಲಿಲ್ಲ. ನಿಯಮವೆಂದರೆ ನಿಯಮ.

ಬೆಳಿಗ್ಗೆ ಸುರಪುರದ ಬಸ್ಸು ಬಂದು ಮನೆಯ ಎದುರಿನ ಬೇವಿನ ಗಿಡದ ಕೆಳಗೆ ನಿಂತಿತ್ತು. ಕಂಡಕ್ಟರ್ ಇಳಿದು ಚಹಾ ಕುಡಿಯುತ್ತಿದ್ದ. ಆಗ ಸಣ್ಣಕಿಯ ಪಾಳಿ ಬಂತು, ಯಂಕಣ್ಣ ಎರಡು ಸಲ ಊದಿದ. ಎರಡು ಸೀಟಿಗೆ ಬಸ್ಸು ಹೊರಡಬೇಕೆಂಬುದು ಡ್ರೈವರನ ನಿಯಮ. ಬಸ್ಸು ಹೊರಟೇಬಿಟ್ಟಿತು. ಕಂಡಕ್ಟರ್ ಚಹಾದ ಕಪ್ಪು ಹಿಡಿದೇ ಹಿಂದೆ ಓಡಿದ, ಅವನ ಹಿಂದೆ ಚಹಾದ ಅಂಗಡಿಯವನು ಕಪ್ಪಿಗಾಗಿ ಓಡಿದ. ಬಸ್ಸು ನಿಂತ ಮೇಲೆ ಇಬ್ಬರೂ ಒಟ್ಟಾಗಿ ಜಗಳಕ್ಕೆ ಬಂದರು.

"ಯಾವನವ ಸರ್ಕಾರಿ ಬಸ್ಸಿಗಿ ಸೀಟಿ ಹೊಡದಾಂವ?"

"ಬಸ್ಸಿಗಲ್ಲಪ್ಪ, ಕೂಸಿಗಿ," ಎಂದಳು ತಿಮ್ಮವ್ವ.

"ಕೂಸು ಎಲ್ಲಿಗಿ ಹೊಂಟದ?"

"ಎಲ್ಲಿಗೂ ಇಲ್ಲ. ಹಾಲು ಕುಡೀಬೇಕು."

ಕಂಡಕ್ಟರ್ ಯಂಕಣ್ಣನನ್ನು ಕಾಲಿನಿಂದ ತಲೆಯವರೆಗೆ ನೋಡಿದ, ಸೀಟಿಯನ್ನು ನೋಡಿದ, ನಿಧಾನವಾಗಿ ಕೈ ಮುಗಿದ. "ನನಗೂ ಮಕ್ಕಳವ. ಬಸ್ಸಿನ್ಯಾಗ ಊದೋದೇ ಸಾಕಾಗ್ಯಾದ, ಮನ್ಯಾಗೂ ಊದಬೇಕಂತ ಗೊತ್ತಿರಲಿಲ್ಲ," ಎಂದು ಹೊರಟ. ಅವತ್ತಿನಿಂದ ಬಸ್ಸು ಬೇವಿನ ಗಿಡ ಬಿಟ್ಟು ದೂರ ನಿಲ್ಲತೊಡಗಿತು.

ಯಂಕಣ್ಣ ಒಳಹರಿವಿನ ಬಗ್ಗೆಯೂ ಅಲಕ್ಷ್ಯ ಮಾಡಲಿಲ್ಲ. ಡ್ಯಾಮಿನ ಮೇಲ್ಗಡೆ ಮಳೆಯಾಗಬೇಕಲ್ಲ. ಸುರಪುರದ ಸಂತೆಗೆ ಹೋಗಿ ಅಳವಿ ಬೀಜ, ಸಬ್ಬಸಿಗೆ, ಬೆಳ್ಳುಳ್ಳಿ, ಒಣಕೊಬ್ಬರಿ ಎಂದು ಸಿಕ್ಕಿದ್ದನ್ನೆಲ್ಲ ಹೊತ್ತು ತಂದ. ದಾರಿಯಲ್ಲಿ ಸಿಕ್ಕವರಿಗೆಲ್ಲ, "ನಿಮ್ಮ ಮನ್ಯಾಗ ಹಾಲು ಹೆಚ್ಚಾಗಾಕ ಏನು ಹಾಕ್ತೀರಿ?" ಎಂದು ಕೇಳುತ್ತಿದ್ದ. ಎಮ್ಮೆಯ ಸಲುವಾಗಿ ಕೇಳುತ್ತಿದ್ದಾನೆಂದು ಒಬ್ಬ ಪುಣ್ಯಾತ್ಮ ಹತ್ತಿಕಾಳಿನ ಹಿಂಡಿಯನ್ನೂ ಕಟ್ಟಿಕೊಟ್ಟ. ಅದನ್ನೂ ತಂದು ಅತ್ತೆಯ ಮುಂದಿಟ್ಟ. ತಿಮ್ಮವ್ವ ಅದನ್ನು ಚಾಂದಬೀಯ ಆಡಿಗೆ ಹಾಕಿದಳು.

ಇದಾದ ಮೇಲೆ ಮನೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಎಷ್ಟು ನೀರು ತಂದರೂ ಸಾಲದು. ಯಂಕಣ್ಣ ಗುಡಿಯ ಹತ್ತಿರದ ಬೋರಿಂಗಿನಿಂದ ಕೊಡ ಹೊತ್ತು ತಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ತಿಮ್ಮವ್ವ ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಅಳೇಂದ್ರ, ನೀರು ತೀರ್ಯಾವ ನೋಡ್ರಿ."

"ಈಗರೇ ತಂದೆನಲ್ರಿ ಅತ್ತಿ?"

"ಬಾಣಂತಿ ಮನಿ ಅಂದ್ರ ಹಂಗೇ ರೀ. ಕೌದಿ ತೊಳೀಬೇಕು, ಲಂಗೋಟಿ ತೊಳೀಬೇಕು, ಎರಕೋಬೇಕು. ನಿಮ್ಮಂಗ ನೀರಿನ ಕಿಮ್ಮತ್ತು ತಿಳಿದಾಂವ ಈ ಮನ್ಯಾಗ ಮತ್ಯಾರು ಇದ್ದಾರ?"

ಹೊಗಳಿಕೆಗೆ ಕೊಡ ಹಗುರಾಗುತ್ತದೆ. ಯಂಕಣ್ಣ ಮತ್ತೆ ಹೊರಡುತ್ತಿದ್ದ. ಅಳಿಯ ತಲೆಯ ಮೇಲೆ ಕೊಡ ಹೊತ್ತು ಓಣಿಯಲ್ಲಿ ನಡೆಯುವುದನ್ನು ನೋಡಲು ಹೆಂಗಸರು ಬಾಗಿಲಿಗೆ ಬರುತ್ತಿದ್ದರು. "ನಮ್ಮ ಮನಿ ಅಳಿಯ ಉಂಡ ತಾಟೂ ಎತ್ತಂಗಿಲ್ಲ, ನಿಮ್ಮಾಂವ ನೀರು ಹೊರ್ತಾನಲ್ಲೇ," ಎಂದು ತಿಮ್ಮವ್ವನನ್ನು ಕೇಳುತ್ತಿದ್ದರು. ಅವನು ವಾಪಸು ಬರುವಾಗ ಓಣಿಯ ತಿರುವಿನಲ್ಲೇ ಒಂದು ಸೀಟಿ ಊದುತ್ತಿದ್ದ. ಮುಂದಿನ ಪಾಳಿಗೆ ಎಲ್ಲರೂ ತಯಾರಿರಲಿ ಎಂದು. ಒಳಗೆ ಬಂದರೆ ಇಬ್ಬರೂ ಮಕ್ಕಳು ಹೊಟ್ಟೆ ಮೇಲೆ ಮಾಡಿಕೊಂಡು ಗಾಢನಿದ್ದೆಯಲ್ಲಿರುತ್ತಿದ್ದರು. ಬಾಲಮ್ಮ ಅಳುವುದನ್ನು ನಿಲ್ಲಿಸಿದ್ದಳು, ಮುಖಕ್ಕೆ ಕಳೆ ಬಂದಿತ್ತು.

"ನೋಡಿದ್ರೆ? ಮಕ್ಕಳಿಗಿ ಶಿಸ್ತು ಬಂತು. ಸೀಟಿ ಕೇಳಿದ್ರ ಸಾಕು, ಗಪ್ಪಾಗ್ತಾವ," ಎಂದ ಯಂಕಣ್ಣ.

"ಹೌದ್ರಿ," ಎಂದಳು ಬಾಲಮ್ಮ, ಕಣ್ಣು ಕೆಳಗೆ ಹಾಕಿ. ಇಂಥ ವಿಧೇಯ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕೆಂದು ಯಂಕಣ್ಣ ಮೌನೇಶ್ವರನ ಗುಡಿಯ ಕಡೆ ತಿರುಗಿ ಕೈ ಮುಗಿದ.

ಅಮಾವಾಸ್ಯೆ ಬಂತು. ಮೌನೇಶ್ವರನ ದರ್ಶನಕ್ಕೆ ನಾಲ್ಕೂ ದಿಕ್ಕಿನಿಂದ ಜನ. ಅವರಲ್ಲಿ ಯಂಕಣ್ಣನ ಮೇಲಧಿಕಾರಿ ಜಗದೇವಪ್ಪ ಸಾಹೇಬರೂ ಇದ್ದರು. ಅವರ ಜೀಪಿನ ಹಿಂದಿನ ಸೀಟಿನಲ್ಲಿ ಕಾಲುವೆಯ ಕೊನೆಯ ಹೊಲದ ಬಸವಂತ್ರಾಯ ಕೂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಸಾಹೇಬರು ಎಲ್ಲಿ ಹೋದರೂ ಬೆನ್ನು ಹತ್ತಿ, "ಸಾಹೇಬ್ರ, ನಮ್ಮ ಹೊಲಕ್ಕ ನೀರು," ಎನ್ನುವುದೇ ಅವನ ಉದ್ಯೋಗವಾಗಿತ್ತು.

ಯಂಕಣ್ಣ ಹಿಗ್ಗಿ ಸಾಹೇಬರನ್ನು ಕಟ್ಟೆಯ ಮೇಲೆ ಕೂಡಿಸಿ, ತನ್ನ ವಾರಬಂದಿಯನ್ನು ವಿವರಿಸಿದ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಗಂಭೀರವಾಗಿ ತಲೆ ಆಡಿಸಿದರು.

"ಶಾಸ್ತ್ರೋಕ್ತ ಅದ. ಆದ್ರ ನೀ ಒಂದು ಮರ್ತೀದಿ ಯಂಕಣ್ಣ. ಸೋರಿಕಿ. ಕೂಸಿನ ಬಾಯಿಂದ ಗಲ್ಲಕ್ಕ ಸೋರೋದು ಎಷ್ಟು?"

"ಅದೊಂದು ಅದರಿ ಸಾಹೇಬ್ರ."

"ಅದನ್ನ ಕಂಟ್ರೋಲಿಗಿ ತಗೋ."

ಬಸವಂತ್ರಾಯ ಇಬ್ಬರನ್ನೂ ಒಂದು ಸಲ ನೋಡಿದ. "ಎರಡನೇ ಕೂಸಿಗಿ ಎಂಟು ದಿನಕ್ಕೊಮ್ಮೆರೇ ಹಾಲು ಮುಟ್ಟತದೇನಪಾ?" ಎಂದ. "ಇಂವನ ಗೇಟಿನ ಕೆಳಗ ಟೇಲೆಂಡಿಗಿ ಹುಟ್ಟಿದವರಿಗಿ ದೇವರೇ ಗತಿ. ನಾ ಗುಡಿಗಿ ಹೋಗಿ ಆ ಕೂಸಿನ ಹೆಸರಿನ್ಯಾಗ ಒಂದು ಕಾಯಿ ಒಡಸ್ತೀನಿ."

ಯಂಕಣ್ಣ ನಗಲು ಹೋದ, ನಗು ಬರಲಿಲ್ಲ. ಅವತ್ತು ಸಿಸ್ಟರ್ ಬಂದು ತೂಗುವ ದಿನ. ಗಾಜಿನ ಪೆಟ್ಟಿಗೆ ಕಣ್ಣ ಮುಂದೆ ಬಂತು. ದರ್ಶನ ಮುಗಿಸಿ ಊಟಕ್ಕೆ ಬರುತ್ತೇವೆಂದು ಸಾಹೇಬರು ಎದ್ದರು. ತಿಮ್ಮವ್ವ ಎಂದಿನಂತೆ ಬಾಗಿಲಿಗೆ ಬಂದಳು.

"ಅಳೇಂದ್ರ, ನೀರು. ಇವತ್ತ ಬೋರಿಂಗಿಗಿ ಪರಸಿ ಮಂದಿ ಮುಕುರ್ಯಾರ, ಹೊಳಿಗೇ ಹೋಗಿ ಒರತಿ ನೀರು ತರ್ರಿ."

ಬೇಸಿಗೆಯಲ್ಲಿ ಹೊಳೆ ಒಂದು ಮಗ್ಗುಲಿಗೆ ಸರಿದು ಉಸುಕು ಬಯಲಾದಾಗ, ಅದರಲ್ಲಿ ಗುಂಡಿ ತೋಡಿದರೆ ತಿಳಿನೀರು ಜಿನುಗುತ್ತದೆ. ಅದು ಒರತಿ. ಕಾಲುವೆಯ ಯಂಕಣ್ಣನಿಗೆ ಅದರ ಅಭ್ಯಾಸವಿರಲಿಲ್ಲ. ಗುಂಡಿಯಲ್ಲಿ ಅಂಗೈ ಮುಳುಗುವಷ್ಟೇ ನೀರಿತ್ತು. ಅವನು ದಂಡೆಯಲ್ಲಿ ಕೊಡ ಇಟ್ಟು, ತೆಂಗಿನ ಚಿಪ್ಪು ಮಡಿಲಲ್ಲಿಟ್ಟು, ಕಾಲು ಮಡಚಿ ಕೂತ. ಹಿಂದೆ ಪಾಳಿಗೆ ನಿಂತಿದ್ದವಳು ಚಾಂದಬೀಯ ಸೊಸೆ ರಾಬಿಯಾ. ಸ್ವಲ್ಪ ಹೊತ್ತು ತಡೆದುಕೊಂಡಳು.

"ಯಣ್ಣಾ, ಏನು ಪೂಜಾ ಮಾಡಾಕತ್ತೀರಿ?"

"ತುಂಬಲಿ ತಡಿಯವ್ವ. ಪೂರಾ ತುಂಬಿದ ಮ್ಯಾಲ ಒಮ್ಮಿಗೇ ತಗೊಂತೀನಿ."

ರಾಬಿಯಾ ಹಣೆ ಬಡಿದುಕೊಂಡಳು. "ಇದು ನಿಮ್ಮ ಡ್ಯಾಮ್ ಅಲ್ರಿ, ಒರತಿ! ಗೋರಿದಂಗ ಗೋರಿದಂಗ ಬರ್ತದ. ಸುಮ್ಮ ಬಿಟ್ರ ಉಸುಕು ಕುಂತು ಕಣ್ಣು ಮುಚ್ಕೊಂತದ. ಗೋರ್ರಿ, ಗೋರ್ರಿ!"

ಯಂಕಣ್ಣ ಒಂದು ಚಿಪ್ಪು ಗೋರಿದ. ಕೆಂಪು ನೀರು. ಇನ್ನೊಂದು ಗೋರಿದ. ಗುಂಡಿ ಬತ್ತಿಹೋಯಿತೆಂದುಕೊಂಡ. ಅಷ್ಟರಲ್ಲಿ ಉಸುಕಿನ ಬಗಲಿಂದ ನೀರು ಗುಳುಗುಳು ಒಸರಿತು. ಗೋರಿದ, ಬಂತು. ಜೋರಾಗಿ ಗೋರಿದ, ಜೋರಾಗಿ ಬಂತು. ಕೊಡ ಅರ್ಧ ತುಂಬುವ ಹೊತ್ತಿಗೆ ಗುಂಡಿಯ ನೀರು ಮೊದಲಿಗಿಂತ ಮೇಲಿತ್ತು, ಕನ್ನಡಿಯಂತೆ ತಿಳಿಯಾಗಿತ್ತು. ಯಂಕಣ್ಣನ ಕೈ ನಿಂತಿತು, ಬಾಯಿ ತೆರೆಯಿತು.

"ಎಂಥಾ ಕೆಲಸ ಮಾಡಿಬಿಟ್ಟೆ!" ಎಂದು ಕಿರುಚಿ ಎದ್ದವನೇ ಓಡಿದ. ಕೊಡ ಅಲ್ಲೇ ಉಳಿಯಿತು. ಕೈಯಲ್ಲಿ ಚಿಪ್ಪು, ಕಾಲಿಗೆ ಉಸುಕು, ಪಂಜೆ ಮೊಣಕಾಲಿನ ಮೇಲೆ. ಪರಸೆಯ ಜನ, ಯಾರ ಮೈಮೇಲೋ ದೇವರು ಬಂದಿದೆ ಎಂದು ದಾರಿ ಬಿಟ್ಟರು, ಇಬ್ಬರು ಮುದುಕಿಯರು ಕೈ ಮುಗಿದರು. ಕೊರಳಲ್ಲಿ ಸೀಟಿ ಅತ್ತಿತ್ತ ಹಾರುತ್ತಿತ್ತು. ಅದನ್ನು ಊದಲು ಅವನಿಗೆ ಉಸಿರಿರಲಿಲ್ಲ.

ಕಟ್ಟೆಯ ಮೇಲೆ ಚಾಂದಬೀ ಬೀದಿಗೆ ಮುಖ ಮಾಡಿ ಅಕ್ಕಿ ಆರಿಸುತ್ತಿದ್ದಳು. ಈಚೆಗೆ ಅವಳು ಸದಾ ಅಲ್ಲೇ ಕೂತು ಆರಿಸುತ್ತಿದ್ದಳು. ಸೀಟಿ ಕೇಳಿರಲಿಲ್ಲವಾದ್ದರಿಂದ ತಲೆ ಎತ್ತಿರಲಿಲ್ಲ. ಎತ್ತುವ ಹೊತ್ತಿಗೆ ಯಂಕಣ್ಣ ಹೊಸ್ತಿಲಲ್ಲಿದ್ದ.

"ಬಂದಾ! ಬಂದಾ! ತಿಮ್ಮವ್ವ, ಬಂದಾ!" ಎಂದು ಅವಳು ಕೂಗಿದಳು. ಹೊತ್ತು ಮೀರಿತ್ತು.

ಒಳಗೆ ಬಾಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಡಿಲ ತುಂಬ ಮಡಚಿದ ಕೌದಿ. ಎರಡೂ ಬಗಲಲ್ಲಿ ಒಂದೊಂದು ಕೂಸು, ಕಾಲು ಹಿಂದೆ, ತಲೆ ಮುಂದೆ. ಎರಡೂ ಒಮ್ಮೆಗೇ ಕುಡಿಯುತ್ತಿದ್ದವು. ತಿಮ್ಮವ್ವ ಒಂದು ತಂಬಿಗೆ ನೀರನ್ನು ಮಗಳ ಬಾಯಿಗೆ ಹಿಡಿದಿದ್ದಳು. ಮೂವರೂ ದೊಡ್ಡವರು ಉಸಿರು ಹಿಡಿದರು. ಸಣ್ಣವರು ಹಿಡಿಯಲಿಲ್ಲ. ಗುಟುಕ್, ಗುಟುಕ್ ಎಂಬ ಸದ್ದೊಂದೇ.

"ಎಂದಿನಿಂದ?" ಎಂದ ಯಂಕಣ್ಣ ಏದುಸಿರಿನಲ್ಲಿ.

ಬಾಲಮ್ಮ ಅವನನ್ನು ನೆಟ್ಟಗೆ ನೋಡಿದಳು. "ನೀವು ಸೀಟಿ ಊದಿದ ಮೊದಲ ದಿನಾನೇ ನನ್ನ ಎದಿ ಕಲ್ಲಾತ್ರಿ, ಜ್ವರ ಬಂತು. ಮರುದಿನದಿಂದ ಹಿಂಗೇ. ನೀವು ಇದ್ದಾಗ ಪಾಳಿ."

"ನಾ ನೀರಿಗಿ ಹ್ವಾದ ಮ್ಯಾಲ?"

"ದಂಡಿ ಒಡದು ಕಳ್ಳನೀರು!" ಎಂದಳು ಚಾಂದಬೀ ಬಾಗಿಲಿನಿಂದ.

"ಸಿಟ್ಟಾಗಬ್ಯಾಡ್ರಿ ಅಳೇಂದ್ರ," ಎಂದು ತಿಮ್ಮವ್ವ ಶುರುಮಾಡಿದಳು.

ಯಂಕಣ್ಣ ಕೇಳಿಸಿಕೊಳ್ಳಲಿಲ್ಲ. ಅವನು ಸಣ್ಣಕಿಯ ಗಲ್ಲವನ್ನು ನೋಡುತ್ತಿದ್ದ. ಗಲ್ಲ ಉಬ್ಬಿ ಇಳಿಯುತ್ತಿತ್ತು, ಬಾಯಂಚಿನಿಂದ ಒಂದು ಹನಿ ಸೋರಿ ಕತ್ತಿನ ಮಡಿಕೆಗೆ ಇಳಿಯಿತು. ಆ ಕತ್ತಿನಲ್ಲಿ ಮಡಿಕೆ ಯಾವಾಗ ಬಂತು? ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಚಿಪ್ಪು ಕೆಳಗಿಟ್ಟ. ಆ ಹೆಂಗಸರಿಗೆಲ್ಲ ಸೇರಿಸಿ ಕೈ ಮುಗಿದ. ಜನ್ಮದಲ್ಲಿ ಮೊದಲ ಸಲ ಹಿಡಿದ ಕಳ್ಳತನ, ಹಿಡಿದವನೇ ಕಳ್ಳರಿಗೆ ಕೈ ಮುಗಿದು ಅಳುತ್ತ ಕೂತ.

ಊಟದ ಹೊತ್ತಿಗೆ ಅನ್ನಮ್ಮ ಸಿಸ್ಟರ್ ತಕ್ಕಡಿಯ ಕೊಕ್ಕೆಯನ್ನು ತೊಲೆಗೆ ಸಿಕ್ಕಿಸಿ, ಜೋಳಿಗೆಯಲ್ಲಿ ಸಣ್ಣಕಿಯನ್ನು ಮಲಗಿಸಿದಳು. ಅಷ್ಟರಲ್ಲಿ ಸಾಹೇಬರೂ ಬಸವಂತ್ರಾಯನೂ ಗುಡಿಯಿಂದ ಬಂದರು. ಯಂಕಣ್ಣ ಬಿಟ್ಟು ಬಂದ ಕೊಡವನ್ನು ಹೊತ್ತುಕೊಂಡು ರಾಬಿಯಾ ಬಂದಳು. ಲಿಂಗಣ್ಣನೂ ದೋಣಿ ಬಿಟ್ಟು ಬಂದು ನಿಂತ. ಮುಳ್ಳು ತೂಗಾಡಿ ತೂಗಾಡಿ ನಿಂತಿತು. ಸಿಸ್ಟರ್ ಬಗ್ಗಿ ನೋಡಿದಳು, ಕನ್ನಡಕ ಒರೆಸಿ ಮತ್ತೆ ನೋಡಿದಳು.

"ಏರ್ಯಾದ! ಚೊಲೋ ಏರ್ಯಾದ! ಯಾದಗಿರಿ ಬ್ಯಾಡ, ಎಲ್ಲೀದೂ ಬ್ಯಾಡ."

ತಿಮ್ಮವ್ವ ಮೌನೇಶ್ವರನನ್ನು ಕರೆದಳು, ಚಾಂದಬೀ ಅಲ್ಲಾನನ್ನು ಕರೆದಳು, ಬಾಲಮ್ಮ ಕೂಸನ್ನು ಜೋಳಿಗೆಯಿಂದ ಎತ್ತಿ ಎದೆಗೊತ್ತಿಕೊಂಡಳು. ಜಗದೇವಪ್ಪ ಸಾಹೇಬರು ಮೀಸೆ ತಿರುವಿದರು. "ನಾ ಹೇಳಿದ್ದಿಲ್ಲೇನು? ಇದೇ ನೋಡು ವಾರಬಂದಿಯ ತಾಕತ್ತು!"

ಎಲ್ಲರೂ ಯಂಕಣ್ಣನನ್ನು ನೋಡಿದರು. ಒಂದು 'ಹೌದ್ರಿ' ಎಂದರೆ ಸಾಕಿತ್ತು, ಕಾಲುವೆಯ ತುಂಬ ಅವನ ಹೆಸರು ಹರಿಯುತ್ತಿತ್ತು.

"ಇಲ್ರಿ ಸಾಹೇಬ್ರ," ಎಂದ ಯಂಕಣ್ಣ. "ನನ್ನ ವಾರಬಂದಿ ನಡೆದಿದ್ರ ಕೂಸು ಇವತ್ತ ಗಾಜಿನ ಪೆಟ್ಟಿಗ್ಯಾಗ ಇರ್ತಿತ್ತು. ನನ್ನ ಕಣ್ಣು ತಪ್ಪಿಸಿ ಇವರು ಕದ್ದು ಕುಡಿಸ್ಯಾರ. ನಾ ಏನೂ ಮಾಡಿಲ್ಲ."

"ಹಂಗನಬ್ಯಾಡ್ರಿ," ಎಂದಳು ಬಾಲಮ್ಮ. ಹೊರಗಿನವರ ಮುಂದೆ ಎಂದೂ ದನಿ ಎತ್ತಿದವಳಲ್ಲ. "ಇಬ್ಬರಿಗೂ ಒಮ್ಮಿಗೇ ಕುಡಿಸಾಕ ಹತ್ತಿದ ಮ್ಯಾಲ ಒಣಗಿದ ಹೊಲದಂಗ ನೀರಡಿಕಿ ಆಗ್ತಿತ್ರಿ ನನಗ. ಅವ್ವನೂ ಸಿಸ್ಟರ್ ಮಾತಿಗಿ ಒಪ್ಪಿ ಕಾಸಿ ಆರಿಸಿ ಕೊಟ್ಳು. ಕೊಡಗಟ್ಟಲೆ ಕುಡದೀನಿ. ಯಾರ ಅಳಿಯ ತಂದಾನ್ರಿ ಹಂಗ, ಮಂದಿ ನಗ್ಯಾಡಿದ್ರೂ ಕೇಳಲಾರದ? ನಿಮ್ಮ ನೀರಿನಿಂದೇ ಬೆಳದಾಳ ನಿಮ್ಮ ಮಗಳು."

ಯಂಕಣ್ಣ ತಲೆ ತಗ್ಗಿಸಿದ. ಇಷ್ಟು ವರ್ಷ ನೀರು ಬಿಟ್ಟಿದ್ದಕ್ಕೆ ಬೈಗುಳ ತಿಂದಿದ್ದ, ಬಿಡದೆ ಇದ್ದದ್ದಕ್ಕೆ ಕಲ್ಲೇಟು ತಿಂದಿದ್ದ. ನಿನ್ನ ನೀರಿನಿಂದ ಬೆಳೆಯಿತು ಎಂದು ಯಾರೂ ಒಂದು ಸಲವೂ ಅಂದಿರಲಿಲ್ಲ.

ಬಸವಂತ್ರಾಯ ಗಂಟಲು ಸರಿಮಾಡಿಕೊಂಡ. "ಭಾಳ ಸಂತೋಷ ಆತಪ್ಪ," ಎಂದ. "ಹಂಗಾದ್ರ ನಮ್ಮ ಹೊಲಕ್ಕೂ ಒಂದಷ್ಟು ಕೊಡದಾಗೇ ತಂದು ಹಾಕು. ಕಾಲುವಿ ಉಸಾಬರಿ ಬ್ಯಾಡ."

ಅಂಗಳವೆಲ್ಲ ನಕ್ಕಿತು. ಮಾತಿಲ್ಲದ ಲಿಂಗಣ್ಣನೂ ನಕ್ಕ. ಯಂಕಣ್ಣ ಕೊರಳಿನಿಂದ ಸೀಟಿ ತೆಗೆದು, ಬಾಲಮ್ಮನ ತಲೆದೆಸೆಯ ಗೂಡಿನಲ್ಲಿಟ್ಟ. ರಾಬಿಯಾಳಿಂದ ಕೊಡ ಇಸಿದುಕೊಂಡು, ನೀರನ್ನು ಹಂಡೆಗೆ ಸುರಿದು, ಖಾಲಿ ಕೊಡ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ.

"ಮುಂಗಾರಿಗಿ ನೀವು ನೆಲ ಹದ ಮಾಡಿಟ್ಟುಕೋರ್ರಿ ಬಸವಂತ್ರಾಯ್ರ," ಎಂದ. "ಈ ಸಲ ನಿಮ್ಮ ಹೊಲಕ್ಕ ನೀರು ಬರ್ತದ. ಕಳ್ಳರನ್ನ ಹಿಡಿಯಾಕ ಹೋಗ್ವಾಗ ನಾ ಸೀಟಿ ಊದಂಗಿಲ್ಲ."